ಅಕ್ವೇರಿಯಂನಲ್ಲಿ ಹಾವಸೆ: ಬೆಳ್ಳಂದೂರಿನ ನೀರಿನಲ್ಲಿ ಬೆಳೆಸುವುದು ಹೇಗೆ?

ಬೆಳ್ಳಂದೂರು: ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಕಾಲು ಜಾರಿಸುವುದು ಪಾಚಿ. ಕೆರೆಯ ನೀರನ್ನು ಹಸಿರಾಗಿಸುವುದೂ ಪಾಚಿ. ಮೀನುತೊಟ್ಟಿಯ ಗಾಜಿಗೆ ಅಂಟಿಕೊಂಡು ಭಾನುವಾರದ ಬೆಳಗನ್ನು ಕಸಿದುಕೊಳ್ಳುವುದೂ ಪಾಚಿಯೇ. ಆಡುಮಾತಿನಲ್ಲಿ ಎಲ್ಲಕ್ಕೂ ಒಂದೇ ಹೆಸರು. ಹೀಗಿರುವಾಗ, ಅಂಗೈಯಗಲದ ಹಸಿರು ಚಾಪೆಗೆ ಹಣ ಕೊಟ್ಟು ತಂದು ಅಕ್ವೇರಿಯಂನಲ್ಲಿ ಬೆಳೆಸುತ್ತಾರೆಂದರೆ ಹಿರಿಯರಿಗೆ ಅಚ್ಚರಿಯಾಗುವುದು ಸಹಜ.

ಆದರೆ ಹಣ ಕೊಟ್ಟು ತರುವುದು ಪಾಚಿಯನ್ನಲ್ಲ, ಹಾವಸೆಯನ್ನು. ಹೊರವರ್ತುಲ ರಸ್ತೆ ಹಾಗೂ ಸರ್ಜಾಪುರ ರಸ್ತೆಯ ನಡುವಿನ ವಸತಿ ಸಮುಚ್ಚಯಗಳಲ್ಲಿ ಗಿಡಗಳನ್ನು ನೆಟ್ಟ ಅಕ್ವೇರಿಯಂ ಇರಿಸಿಕೊಳ್ಳುವ ಹವ್ಯಾಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಮೊದಲು ಕೊಳ್ಳುವ ಸಸ್ಯವಿದು. ಬೇಗನೆ ಕಳೆದುಕೊಳ್ಳುವ ಸಸ್ಯವೂ ಇದೇ. ಹಾವಸೆಗೆ ಬೇಕಾದ ನೀರು ಯಾವುದು, ಪಾಚಿಗೆ ಬೇಕಾದ ನೀರು ಯಾವುದು ಎಂಬ ವ್ಯತ್ಯಾಸವನ್ನು ಅರಿತರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದಾಗಿದೆ.

ಹಾವಸೆ ಮತ್ತು ಪಾಚಿ

ಶಾಲಾ ಪಠ್ಯಗಳಲ್ಲಿ ಪಾಚಿಯನ್ನು ಶೈವಲವೆಂದೂ, ಮಾಸ್ ಎಂದು ಕರೆಯಲಾಗುವ ಸಸ್ಯವನ್ನು ಹಾವಸೆಯೆಂದೂ ಪ್ರತ್ಯೇಕಿಸಲಾಗಿದೆ. ಹಾವಸೆಗೆ ಕಾಂಡವನ್ನೂ ಎಲೆಯನ್ನೂ ಹೋಲುವ ಭಾಗಗಳಿವೆ, ನಿಜವಾದ ಬೇರಿಲ್ಲ. ಬೇರಿನಂತೆ ಕಾಣುವ ಎಳೆಗಳು ಕಲ್ಲಿಗೋ ಮರಕ್ಕೋ ಹಿಡಿದುಕೊಳ್ಳಲು ಮಾತ್ರ ಉಪಯುಕ್ತ. ಅದರ ಎಲೆಗಳು ಬಹುಪಾಲು ಒಂದೇ ಜೀವಕೋಶದಷ್ಟು ದಪ್ಪವಿರುತ್ತವೆ. ನೀರು, ಲವಣ ಹಾಗೂ ಅನಿಲಗಳನ್ನು ಸಸ್ಯವು ಮೈಯಿಂದಲೇ ನೇರವಾಗಿ ಹೀರಿಕೊಳ್ಳುತ್ತದೆ.

ಈ ರಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ತೊಟ್ಟಿಯ ತಳಕ್ಕೆ ಗೊಬ್ಬರದ ಮಣ್ಣು ಹಾಕುವುದರಿಂದ ಹಾವಸೆಗೆ ವಿಶೇಷ ಲಾಭವಿಲ್ಲ ಎಂಬುದು ಮೊದಲನೆಯದು. ನೀರಿನಲ್ಲಿರುವ ಯಾವುದೇ ವಿಷವಸ್ತು ತಡೆಯಿಲ್ಲದೆ ಅದರ ಮೈ ಸೇರುತ್ತದೆ ಎಂಬುದು ಎರಡನೆಯದು. ಮೀನಿನ ರೋಗಕ್ಕೆ ಬಳಸುವ ತಾಮ್ರಯುಕ್ತ ಔಷಧಗಳು ಹಾವಸೆಯನ್ನೂ ಸೀಗಡಿಗಳನ್ನೂ ಕೊಲ್ಲಬಲ್ಲವು. ದ್ರವರೂಪದ ಇಂಗಾಲವೆಂದು ಮಾರಲಾಗುವ ಗ್ಲುಟರಾಲ್ಡಿಹೈಡ್ ಆಧಾರಿತ ದ್ರಾವಣಗಳ ಪ್ರಮಾಣ ಹೆಚ್ಚಾದರೂ ಇದೇ ಅಪಾಯವಿದೆ.

ಹಾವಸೆಯ ಬೆಳವಣಿಗೆ ನಿಧಾನ. ಪಾಚಿಯದು ಶೀಘ್ರ. ಬೆಳಕು ಮತ್ತು ಪೋಷಕಾಂಶ ಹೆಚ್ಚಾದಾಗ ಅದನ್ನು ಮೊದಲು ಬಳಸಿಕೊಳ್ಳುವುದು ಪಾಚಿಯೇ ಹೊರತು ಹಾವಸೆಯಲ್ಲ. ಆದ್ದರಿಂದ ಹಾವಸೆ ಬೆಳೆಸುವುದೆಂದರೆ ಅರ್ಧಭಾಗ ಪಾಚಿಗೆ ಅವಕಾಶ ಕೊಡದಿರುವ ಕೆಲಸವೇ ಆಗಿದೆ.

ಯಾವ ತಳಿ ಸೂಕ್ತ?

ಹೊಸಬರಿಗೆ ಜಾವಾ ಮಾಸ್ ಅತ್ಯಂತ ಸೂಕ್ತ. ಹೆಸರಿನಲ್ಲಿ ಜಾವಾ ಇದ್ದರೂ ಇದು ಆಗ್ನೇಯ ಏಷ್ಯಾದ ಸಸ್ಯ. ಬಹುಕಾಲ ಇದನ್ನು ವೆಸಿಕ್ಯುಲೇರಿಯ ಡುಬಿಯಾನ ಎಂದು ಕರೆಯಲಾಗುತ್ತಿತ್ತು. ಸಿಂಗಪುರದಲ್ಲಿ ಕಾರ್ಯನಿರ್ವಹಿಸುತ್ತಿದ್ದ ಹಾವಸೆ ತಜ್ಞ ಬೆನಿಟೊ ಟಾನ್ ಅವರು 2000ದ ದಶಕದಲ್ಲಿ ಅಕ್ವೇರಿಯಂ ಹಾವಸೆಗಳನ್ನು ಗುರುತಿಸುವ ಕೆಲಸ ಕೈಗೊಂಡ ನಂತರ, ಮಾರುಕಟ್ಟೆಯ ಜಾವಾ ಮಾಸ್ ವಾಸ್ತವವಾಗಿ ಟ್ಯಾಕ್ಸಿಫಿಲಮ್ ಬಾರ್ಬಿಯೇರಿ ಎಂಬುದು ಸ್ಪಷ್ಟವಾಯಿತು. ಅಂಗಡಿಗಳ ಹೆಸರುಪಟ್ಟಿಗಳಲ್ಲಿ ಹಳೆಯ ಗೊಂದಲ ಇನ್ನೂ ಉಳಿದಿದೆ. ಆದಕಾರಣ ಹೆಸರಿಗಿಂತ ಸಸ್ಯದ ಆರೋಗ್ಯವನ್ನು ನೋಡಿ ಕೊಳ್ಳುವುದು ಲೇಸು.

ಕ್ರಿಸ್‌ಮಸ್ ಮಾಸ್‌ನ ಕವಲುಗಳು ತ್ರಿಕೋನಾಕಾರದಲ್ಲಿ ಕೆಳಮುಖವಾಗಿ ಹರಡಿ ಸುಂದರವಾಗಿ ಕಾಣುತ್ತವೆ. ಆದರೆ ಅದಕ್ಕೆ ತಂಪು ಹಾಗೂ ಶುದ್ಧತೆ ಹೆಚ್ಚು ಬೇಕು. ಜ್ವಾಲೆಯಂತೆ ಮೇಲಕ್ಕೆ ಸುರುಳಿಯಾಗಿ ಬೆಳೆಯುವ ಫ್ಲೇಮ್ ಮಾಸ್, ಇಳಿಬಿದ್ದು ಬೆಳೆಯುವ ವೀಪಿಂಗ್ ಮಾಸ್, ಗರಿಯಂತಹ ಫಿಸಿಡೆನ್ಸ್ ಇತರ ತಳಿಗಳು. ಫಿಸಿಡೆನ್ಸ್ ಬಹಳ ನಿಧಾನವಾಗಿ ಬೆಳೆಯುವುದರಿಂದ ಬೆಲೆಯೂ ಅಧಿಕ.

ಹಾವಸೆಯೆಂದು ಮಾರಾಟವಾಗುವ ಎಲ್ಲವೂ ಹಾವಸೆಯಲ್ಲ. ಚೆಂಡಿನಾಕಾರದ ಮಾರಿಮೊ ಒಂದು ಬಗೆಯ ಹಸಿರು ಪಾಚಿ. ನೀರಿನ ಮೇಲೆ ತೇಲುವ ರಿಕ್ಸಿಯಾ ಹಾವಸೆಯ ಸಂಬಂಧಿಯಾದ ಬೇರೊಂದು ಸಸ್ಯ. 1990ರ ದಶಕದಲ್ಲಿ ಜಪಾನಿನ ಛಾಯಾಗ್ರಾಹಕ ಹಾಗೂ ಅಕ್ವೇರಿಯಂ ವಿನ್ಯಾಸಕಾರ ತಕಾಶಿ ಅಮಾನೊ (1954-2015) ಅವರು ರಿಕ್ಸಿಯಾವನ್ನು ಕಲ್ಲಿಗೆ ಕಟ್ಟಿ ನೀರಿನಡಿ ಬೆಳೆಸಿ ಜನಪ್ರಿಯಗೊಳಿಸಿದರು.

ಕಾಂಪೌಂಡ್ ಗೋಡೆಯ ಮೇಲೆ ಮಳೆಗಾಲದಲ್ಲಿ ಬೆಳೆಯುವ ಹಾವಸೆಯನ್ನು ಕಿತ್ತು ತೊಟ್ಟಿಗೆ ಹಾಕುವವರೂ ಇದ್ದಾರೆ. ಅದು ಗಾಳಿಯಲ್ಲಿ ಬದುಕುವ ಜಾತಿ. ನೀರಿನಲ್ಲಿ ಮುಳುಗಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೊಳೆತು ನೀರನ್ನೂ ಕೆಡಿಸುತ್ತದೆ. ಪಶ್ಚಿಮ ಘಟ್ಟಗಳ ತೊರೆಗಳಿಂದ ಹಾವಸೆ ಕಿತ್ತು ತರುವುದಂತೂ ಸಲ್ಲದು. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಸಸ್ಯ ಸಂಗ್ರಹಿಸುವುದು ಕಾನೂನುಬಾಹಿರವೂ ಹೌದು.

ಮೊದಲು ನೀರಿನ ಮೂಲ ತಿಳಿಯಿರಿ

ಬೆಳ್ಳಂದೂರಿನಲ್ಲಿ ಹಾವಸೆಯ ಅಳಿವು ಉಳಿವನ್ನು ನಿರ್ಧರಿಸುವ ಮುಖ್ಯ ಅಂಶ ನೀರು. ಇಲ್ಲಿನ ಸಮುಚ್ಚಯಗಳು ವರ್ಷಗಳಿಂದ ಕೊಳವೆಬಾವಿ ಹಾಗೂ ಟ್ಯಾಂಕರ್ ನೀರನ್ನು ನೆಚ್ಚಿಕೊಂಡು ಬಂದಿವೆ. 2007ರಲ್ಲಿ ಅಂದಿನ ಬಿಬಿಎಂಪಿಗೆ ಸೇರ್ಪಡೆಯಾದ 110 ಹಳ್ಳಿಗಳಿಗೆ ನೀರೊದಗಿಸುವ ಉದ್ದೇಶದ ಕಾವೇರಿ 5ನೇ ಹಂತದ ಯೋಜನೆಗೆ ಚಾಲನೆ ದೊರೆತದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 77.5 ಕೋಟಿ ಲೀಟರ್ ಅದರ ಸಾಮರ್ಥ್ಯ. ಹಲವು ಕಟ್ಟಡಗಳಲ್ಲಿ ಕಾವೇರಿ, ಕೊಳವೆಬಾವಿ ಹಾಗೂ ಟ್ಯಾಂಕರ್ ನೀರು ನೆಲದಡಿಯ ಒಂದೇ ಸಂಪಿನಲ್ಲಿ ಬೆರೆಯುತ್ತವೆ. ಹೀಗಾಗಿ ಸೋಮವಾರ ನಲ್ಲಿಯಲ್ಲಿ ಬಂದ ನೀರಿನ ಗುಣ ಶನಿವಾರದ ನೀರಿಗೆ ಇರಬೇಕೆಂದಿಲ್ಲ.

ಆಳದ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ಅನುಮತಿಯಿದೆ. ಜಾವಾ ಮಾಸ್ ಗಡಸು ನೀರನ್ನು ತಕ್ಕಮಟ್ಟಿಗೆ ಸಹಿಸಬಲ್ಲದು. ಆದರೆ ಬೆಳವಣಿಗೆ ಕುಂಠಿತವಾಗುತ್ತದೆ. ಇದಕ್ಕೆ ಕಾರಣವಿದೆ. ಅನೇಕ ಜಲಸಸ್ಯಗಳು ನೀರಿನಲ್ಲಿರುವ ಬೈಕಾರ್ಬನೇಟ್‌ನಿಂದಲೂ ಇಂಗಾಲವನ್ನು ಪಡೆಯಬಲ್ಲವು. ಹಾವಸೆಗಳಿಗೆ ಸಾಮಾನ್ಯವಾಗಿ ಆ ಶಕ್ತಿಯಿಲ್ಲ. ಕರಗಿರುವ ಇಂಗಾಲದ ಡೈಆಕ್ಸೈಡ್ ಅನಿಲವೇ ಆಗಬೇಕು. ಪಿಎಚ್ 8ನ್ನು ದಾಟಿದ ಕ್ಷಾರೀಯ ನೀರಿನಲ್ಲಿ ಇಂಗಾಲ ಬಹುಪಾಲು ಬೈಕಾರ್ಬನೇಟ್ ರೂಪದಲ್ಲಿರುತ್ತದೆ. ಹೀಗೆ ಇಂಗಾಲ ಸುತ್ತಲೂ ಇದ್ದರೂ ಹಾವಸೆಗೆ ದಕ್ಕುವುದಿಲ್ಲ.

ಪರಿಹಾರವಾಗಿ ಅನೇಕರು ಮೊರೆಹೋಗುವುದು ಅಡುಗೆಮನೆಯ ಆರ್‌ಒ ಯಂತ್ರಕ್ಕೆ. ಆರ್‌ಒ ನೀರಿನಲ್ಲಿ ಲವಣಗಳು ಬಹಳ ಕಡಿಮೆಯಿರುವುದರಿಂದ ಅದನ್ನೊಂದನ್ನೇ ತುಂಬಬಾರದು. ಗಡಸುತನ 400 ಇರುವ ಒಂದು ಪಾಲು ಟ್ಯಾಂಕರ್ ನೀರಿಗೆ ಮೂರು ಪಾಲು ಆರ್‌ಒ ನೀರು ಬೆರೆಸಿದರೆ ಗಡಸುತನ ಸುಮಾರು 100ಕ್ಕೆ ಇಳಿಯುತ್ತದೆ. ಇದು ಹಾವಸೆಗೂ ಬಹುತೇಕ ಸಣ್ಣ ಮೀನುಗಳಿಗೂ ಒಗ್ಗುವ ಮಟ್ಟ. ಆದರೆ ಮನೆಯ ಆರ್‌ಒ ಯಂತ್ರಗಳು ಒಂದು ಲೀಟರ್ ಶುದ್ಧ ನೀರಿಗೆ ಸಾಮಾನ್ಯವಾಗಿ ಎರಡು-ಮೂರು ಲೀಟರ್ ನೀರನ್ನು ಹೊರಹಾಕುತ್ತವೆ. ಟ್ಯಾಂಕರಿಗೆ ಹಣ ತೆರುವ ಕುಟುಂಬಕ್ಕೆ ಇದು ದುಬಾರಿ. ಹೊರಹಾಕಿದ ಆ ನೀರನ್ನು ನೆಲ ಒರೆಸಲು ಬಳಸಬಹುದೇ ಹೊರತು ತೊಟ್ಟಿಗೆ ಹಾಕಕೂಡದು. ಅದರಲ್ಲಿ ಲವಣಗಳು ಮತ್ತಷ್ಟು ಸಾಂದ್ರವಾಗಿರುತ್ತವೆ.

ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್‌ಗಳ ನೀರೂ ಸೂಕ್ತವಲ್ಲ. ಅವು ಕ್ಯಾಲ್ಸಿಯಂ ಹಾಗೂ ಮೆಗ್ನೀಸಿಯಂ ತೆಗೆದು ಆ ಸ್ಥಾನದಲ್ಲಿ ಸೋಡಿಯಂ ಸೇರಿಸುತ್ತವೆ. ಬೈಕಾರ್ಬನೇಟ್ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಸೋಪು ಚೆನ್ನಾಗಿ ನೊರೆಯಾದರೂ ಹಾವಸೆಗೆ ಪ್ರಯೋಜನವಿಲ್ಲ. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕಾದ ಸೀಗಡಿಗೆ ಹಾನಿಯೇ ಹೆಚ್ಚು.

ಮಳೆನೀರು ಇದಕ್ಕೆ ಉತ್ತಮ ಪರ್ಯಾಯ. ಬೆಂಗಳೂರಿನಲ್ಲಿ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳ ಕಟ್ಟಡಗಳಿಗೆ ಮಳೆನೀರು ಸಂಗ್ರಹವನ್ನು 2009ರ ಕಾನೂನು ತಿದ್ದುಪಡಿಯ ಮೂಲಕ ಕಡ್ಡಾಯಗೊಳಿಸಲಾಯಿತು. ಮಳೆನೀರು ಮೆದು, ಗಡಸುತನ ನಗಣ್ಯ. ಋತುವಿನ ಮೊದಲ ಮಳೆಗಳನ್ನೂ, ಪ್ರತಿ ಮಳೆಯ ಆರಂಭದ ನೀರನ್ನೂ ಹರಿಯಗೊಟ್ಟು, ನಂತರದ ನೀರನ್ನು ಬಟ್ಟೆಯಲ್ಲಿ ಸೋಸಿ ಮುಚ್ಚಿದ ಡ್ರಮ್ಮಿನಲ್ಲಿಟ್ಟರೆ ಟ್ಯಾಂಕರ್ ನೀರಿಗೆ ಬೆರೆಸಲು ಒದಗುತ್ತದೆ. ಡ್ರಮ್ಮನ್ನು ಮುಚ್ಚದಿದ್ದರೆ ಸೊಳ್ಳೆಗಳ ಉತ್ಪತ್ತಿಯಾಗುವುದೆಂಬುದನ್ನು ಮರೆಯಬಾರದು.

ಕರಗಿದ ಘನವಸ್ತುಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಪೆನ್ನಿನಷ್ಟು ಚಿಕ್ಕ ಉಪಕರಣ. ಅದು ಗಡಸುತನವನ್ನು ಪ್ರತ್ಯೇಕವಾಗಿ ತೋರಿಸದಿದ್ದರೂ, ಈ ವಾರದ ನೀರು ಕಳೆದ ವಾರದ್ದಕ್ಕಿಂತ ಭಿನ್ನವೇ ಎಂಬುದನ್ನು ಕ್ಷಣದಲ್ಲಿ ತಿಳಿಸುತ್ತದೆ. ಸಂಪಿನ ನೀರು ದಿನಕ್ಕೊಂದು ಬಗೆಯಾಗುವ ಬಡಾವಣೆಗಳಲ್ಲಿ ನೀರು ಬದಲಿಸುವ ಮುನ್ನ ಪ್ರತಿ ಬಾರಿಯೂ ಅಳೆಯುವುದು ಅವಶ್ಯ. ಕ್ಲೋರಿನ್ ಬೆರೆಸಿದ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ಇಟ್ಟು, ಸಾಧ್ಯವಾದರೆ ಗಾಳಿ ಹಾಯಿಸಿ ಬಳಸಬೇಕು.

ತೊಟ್ಟಿಯ ಸಿದ್ಧತೆ ಮತ್ತು ಕಟ್ಟುವ ವಿಧಾನ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಹೊಸಬರಿಗೆ ಈ ಗಾತ್ರ ಅನುಕೂಲಕರ. ಇದಕ್ಕಿಂತ ಬಹಳ ಚಿಕ್ಕ ತೊಟ್ಟಿಗಳಲ್ಲಿ ನೀರಿನ ಗುಣ ಹಾಗೂ ಉಷ್ಣಾಂಶ ಬೇಗನೆ ಏರುಪೇರಾಗುತ್ತವೆ.

ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಾವಸೆಯನ್ನು ಮೊದಲ ದಿನವೇ ಹಾಕಬಹುದು. ಅದು ಅಮೋನಿಯಾವನ್ನು ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತದೆ. ಮೀನುಗಳು ಮಾತ್ರ ಕಾಯಬೇಕು.

ತಂದ ಹಾವಸೆಯನ್ನು ಬಿಳಿ ತಟ್ಟೆಯಲ್ಲಿ ನೀರು ಹಾಕಿ ಹರಡಿ ಪರೀಕ್ಷಿಸಬೇಕು. ಕೂದಲಿನಂತಹ ಹಸಿರು ಎಳೆ, ಬಸವನಹುಳುವಿನ ಅಂಟಂಟು ಮೊಟ್ಟೆ, ಕಂದು ಬಣ್ಣಕ್ಕೆ ತಿರುಗಿದ ಭಾಗಗಳನ್ನು ತೆಗೆದುಹಾಕಬೇಕು. ಬೇರೊಂದು ಪಾತ್ರೆಯಲ್ಲಿ ಒಂದು ವಾರ ಇಟ್ಟು ನೋಡಿದರೆ ಇನ್ನೂ ಒಳಿತು.

ನಂತರ ಹಾವಸೆಯನ್ನು ಒಂದೆರಡು ಸೆಂಟಿಮೀಟರ್ ಉದ್ದದ ತುಣುಕುಗಳಾಗಿ ಕತ್ತರಿಸಿ, ಕಲ್ಲು ಅಥವಾ ಮರದ ತುಂಡಿನ ಮೇಲೆ ತೆಳುವಾಗಿ ಹರಡಬೇಕು. ಕೆಳಗಿನ ಕಲ್ಲು ಅಲ್ಲಲ್ಲಿ ಕಾಣುವಷ್ಟು ತೆಳುವಾಗಿರಬೇಕೆಂಬುದು ಮುಖ್ಯ. ಹೆಚ್ಚು ಹಾಕಿದರೆ ಬೇಗ ತುಂಬೀತೆಂಬ ಆಸೆಯಿಂದ ದಪ್ಪವಾಗಿ ಮೆತ್ತಿದಲ್ಲಿ ಕೆಳಪದರಕ್ಕೆ ಬೆಳಕೂ ನೀರಿನ ಚಲನೆಯೂ ಸಿಗದೆ ಕೊಳೆತು, ಇಡೀ ಚಾಪೆಯೇ ಕಳಚಿ ತೇಲುತ್ತದೆ. ಹರಡಿದ ಹಾವಸೆಯನ್ನು ಹತ್ತಿಯ ದಾರದಿಂದ ಅಡ್ಡಡ್ಡ ಸುತ್ತಿ ಕಟ್ಟಬೇಕು. ದಾರ ಕೆಲವು ವಾರಗಳಲ್ಲಿ ಕೊಳೆತುಹೋಗುವಷ್ಟರಲ್ಲಿ ಜಾವಾ ಮಾಸ್ ಹೊಸ ಚಿಗುರುಗಳಿಂದ ಹಿಡಿದುಕೊಳ್ಳುತ್ತದೆ. ಹಿಡಿತ ಸಾಲದ ತಳಿಗಳಿಗೆ ಮೀನುಗಾರಿಕೆಯ ತೆಳು ನೈಲಾನ್ ದಾರ ಅಥವಾ ಸಯನೋಅಕ್ರಿಲೇಟ್ ಜೆಲ್ ಅಂಟಿನ ಚುಕ್ಕೆಗಳನ್ನು ಬಳಸಬಹುದು. ತುಕ್ಕು ಹಿಡಿಯದ ಉಕ್ಕಿನ ಎರಡು ಜಾಲರಿಗಳ ನಡುವೆ ಹಾವಸೆ ಇಟ್ಟು ಅಂಚು ಹೊಲಿದರೆ ಗೋಡೆಯಂತೆ ಬೆಳೆಯುತ್ತದೆ.

ಬೆಳಕು ಮತ್ತು ಉಷ್ಣಾಂಶ

ಹಾವಸೆಗೆ ಮಂದ ಅಥವಾ ಮಧ್ಯಮ ಬೆಳಕು ಸಾಕು. ಎಲ್‌ಇಡಿ ದೀಪವನ್ನು ದಿನಕ್ಕೆ ಆರರಿಂದ ಎಂಟು ಗಂಟೆ ಉರಿಸಿದರೆ ಸಾಕಾಗುತ್ತದೆ. ಕಚೇರಿಯಿಂದ ತಡವಾಗಿ ಬರುವವರು ಮಧ್ಯಾಹ್ನದ ಬದಲು ಸಂಜೆ ಉರಿಯುವಂತೆ ಟೈಮರ್ ಅಳವಡಿಸಬಹುದು. ತೊಟ್ಟಿಯನ್ನು ಬಾಲ್ಕನಿಯ ಗಾಜಿನ ಬಾಗಿಲ ಬಳಿ ಇಟ್ಟು ನೇರ ಬಿಸಿಲು ಬೀಳಗೊಟ್ಟರೆ ಪಾಚಿಯೂ ಬಿಸಿಯೂ ಒಟ್ಟಿಗೆ ಬರುತ್ತವೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆ ವರ್ಷದ ಬಹುಭಾಗ ಹಾವಸೆಗೆ ಅನುಕೂಲವಾಗಿಯೇ ಇರುತ್ತದೆ. ಜಾವಾ ಮಾಸ್‌ಗೆ 20ರಿಂದ 26 ಡಿಗ್ರಿ ಸೆಲ್ಸಿಯಸ್ ಹಿತಕರ. 30 ದಾಟಿದರೆ ಸೊರಗುತ್ತದೆ. ಕಷ್ಟವೆಲ್ಲ ಮಾರ್ಚ್‌ನಿಂದ ಮೇವರೆಗೆ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಅಂತಹ ದಿನಗಳಲ್ಲಿ ಮುಚ್ಚಳ ತೆಗೆದು, ನೀರಿನ ಮೇಲ್ಮೈ ಮೇಲೆ ಸಣ್ಣ ಫ್ಯಾನ್ ಹಾಯಿಸಿದರೆ ಆವಿಯಾಗುವಿಕೆಯಿಂದ ಎರಡು-ಮೂರು ಡಿಗ್ರಿ ತಗ್ಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಆವಿಯಾಗುವುದು ನೀರು ಮಾತ್ರ. ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ತಗ್ಗಿದ ಮಟ್ಟವನ್ನು ಪ್ರತಿದಿನ ಟ್ಯಾಂಕರ್ ನೀರಿನಿಂದ ತುಂಬುತ್ತ ಹೋದರೆ ಬೇಸಿಗೆ ಮುಗಿಯುವಷ್ಟರಲ್ಲಿ ಗಡಸುತನ ಬಹಳ ಏರಿರುತ್ತದೆ. ಆವಿಯಾದ ನೀರನ್ನು ಆರ್‌ಒ ಅಥವಾ ಮಳೆನೀರಿನಿಂದಲೇ ತುಂಬಬೇಕು.

ಕೆರೆ ಕಲಿಸುವ ಪಾಠ

ಪೋಷಕಾಂಶ ಮಿತಿಮೀರಿದರೆ ಏನಾಗುತ್ತದೆಂಬುದಕ್ಕೆ ಬೆಳ್ಳಂದೂರಿನ ನಿವಾಸಿಗಳು ದೂರದ ಉದಾಹರಣೆ ಹುಡುಕಬೇಕಿಲ್ಲ. ಸುಮಾರು 900 ಎಕರೆ ವಿಸ್ತಾರದ ಬೆಳ್ಳಂದೂರು ಕೆರೆ ನಗರದ ಅತಿದೊಡ್ಡ ಕೆರೆ. ದಶಕಗಳ ಕಾಲ ಕೊಳಚೆನೀರು ಹರಿದುಬಂದು 2015ರ ಮೇ ತಿಂಗಳಲ್ಲಿ ಅದರ ನೊರೆಗೆ ಬೆಂಕಿ ಹೊತ್ತಿಕೊಂಡಿತು. 2017ರ ಫೆಬ್ರುವರಿ ಹಾಗೂ 2018ರ ಜನವರಿಯಲ್ಲಿ ಕೆರೆಯಂಗಳ ಮತ್ತೆ ಹೊತ್ತಿ ಉರಿದು ದೇಶದ ಗಮನ ಸೆಳೆಯಿತು. ಡಿಟರ್ಜೆಂಟ್‌ಗಳ ಅಂಶ, ರಂಜಕ ಹಾಗೂ ಸಾರಜನಕದ ಅತಿಯಾದ ಸಂಗ್ರಹ, ಅದರಿಂದ ಹಬ್ಬುವ ಜಲಕಳೆಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡದ ಅಧ್ಯಯನಗಳು ದಾಖಲಿಸಿವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮಧ್ಯಪ್ರವೇಶದ ನಂತರ ಹೂಳೆತ್ತುವ ಕಾರ್ಯ ಕೈಗೆತ್ತಿಕೊಳ್ಳಲಾಯಿತು.

ತೊಟ್ಟಿಯಲ್ಲಿ ನಡೆಯುವುದೂ ಸಣ್ಣ ಪ್ರಮಾಣದಲ್ಲಿ ಇದೇ. ಮೀನು ತಿನ್ನದೆ ಬಿಟ್ಟ ಆಹಾರ ಹಾಗೂ ಮಲದಿಂದ ಸಾರಜನಕ ಮತ್ತು ರಂಜಕ ನೀರಿಗೆ ಸೇರುತ್ತವೆ. ಒಳಬರುವುದು ಹೊರಹೋಗುವುದಕ್ಕಿಂತ ಹೆಚ್ಚಾದ ದಿನವೇ ಪಾಚಿ ಆರಂಭವಾಗುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನು ದಿನಕ್ಕೊಮ್ಮೆ ಹಾಕಬೇಕು. ವಾರಕ್ಕೊಮ್ಮೆ ಶೇ. 20ರಿಂದ 25ರಷ್ಟು ನೀರು ಬದಲಿಸಬೇಕು. ನೈಟ್ರೇಟ್ ಪ್ರಮಾಣ ಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಇರುವುದು ಒಳಿತು.

ಕೂದಲಿನಂತಹ ಪಾಚಿ ಹಾವಸೆಯೊಳಗೆ ಹೆಣೆದುಕೊಂಡರೆ ಬಿಡಿಸುವುದು ಕಷ್ಟ. ಮೊದಲು ಕೈಯಿಂದ ಸಾಧ್ಯವಾದಷ್ಟು ತೆಗೆದು, ತೊಟ್ಟಿಗೆ ದಪ್ಪ ಬಟ್ಟೆ ಹೊದಿಸಿ ಮೂರು-ನಾಲ್ಕು ದಿನ ಕತ್ತಲಲ್ಲಿಟ್ಟರೆ ಅನೇಕ ಬಾರಿ ಪಾಚಿ ಕುಗ್ಗುತ್ತದೆ. ಹಾವಸೆ ಅಷ್ಟು ದಿನದ ಕತ್ತಲನ್ನು ತಾಳಿಕೊಳ್ಳುತ್ತದೆ. ಈ ಅವಧಿಯಲ್ಲಿ ಗಾಳಿ ಹಾಯಿಸುವುದನ್ನು ನಿಲ್ಲಿಸಬಾರದು. ಇದರಿಂದಲೂ ಹೋಗದಿದ್ದರೆ ಶುದ್ಧವಾಗಿರುವ ತುದಿಗಳನ್ನಷ್ಟೇ ಕತ್ತರಿಸಿಕೊಂಡು ಉಳಿದದ್ದನ್ನು ಬಿಟ್ಟು ಹೊಸದಾಗಿ ಕಟ್ಟುವುದೇ ಜಾಣತನ. ಪಾಚಿನಾಶಕ ರಾಸಾಯನಿಕಗಳು ಹಾವಸೆಯನ್ನೂ ಬಿಡುವುದಿಲ್ಲ.

ಜೊತೆಗಾರ ಜೀವಿಗಳು

ಗಪ್ಪಿ, ನಿಯಾನ್ ಟೆಟ್ರಾದಂತಹ ಸಣ್ಣ ಮೀನುಗಳು ಹಾವಸೆಯೊಂದಿಗೆ ಹೊಂದಿಕೊಳ್ಳುತ್ತವೆ. ಹಾವಸೆಯ ನಡುವೆ ಬೆಳೆಯುವ ಸೂಕ್ಷ್ಮಜೀವಿಗಳು ಮರಿಗಳಿಗೆ ಮೊದಲ ಆಹಾರ. ಅದರ ದಟ್ಟಣೆ ಅವುಗಳಿಗೆ ಅಡಗುತಾಣ. ಚೆರ್ರಿ ಸೀಗಡಿಗಳು ಎಲೆಗಳ ಮೇಲಿನ ಕಸವನ್ನೂ ಎಳೆಯ ಪಾಚಿಯನ್ನೂ ಮೇಯುತ್ತ ಹಾವಸೆಯನ್ನು ಶುಚಿಯಾಗಿಡುತ್ತವೆ. ಗೋಲ್ಡ್‌ಫಿಶ್ ಹಾವಸೆಯನ್ನು ಕಿತ್ತು ತಿನ್ನುವುದಲ್ಲದೆ ನೀರನ್ನೂ ಬೇಗ ಕೊಳೆಯಾಗಿಸುತ್ತದೆ; ಇವೆರಡನ್ನೂ ಒಟ್ಟಿಗೆ ಇಡದಿರುವುದು ಲೇಸು.

ಹಬ್ಬಕ್ಕೆ ಊರಿಗೆ ಹೋಗುವವರು ದೀಪದ ಅವಧಿಯನ್ನು ಐದು ಗಂಟೆಗೆ ಇಳಿಸಿ, ಹೊರಡುವ ಮುನ್ನ ನೀರು ಬದಲಿಸಿದರೆ ಹಾವಸೆ ಒಂದು ವಾರ ನೆಮ್ಮದಿಯಾಗಿರುತ್ತದೆ. ಆರೋಗ್ಯವಂತ ಬೆಳೆದ ಮೀನುಗಳೂ ಅಷ್ಟು ದಿನ ಉಪವಾಸ ತಾಳಬಲ್ಲವು. ನೆರೆಯವರು ಪ್ರೀತಿಯಿಂದ ಹಾಕುವ ಹೆಚ್ಚಿನ ಆಹಾರವೇ ಹಸಿವಿಗಿಂತ ಅಪಾಯಕಾರಿ.

ಕತ್ತರಿಸಿದ ಹಾವಸೆ, ತೆಗೆದ ನೀರು

ಹಾವಸೆ ಎರಡು-ಮೂರು ಸೆಂಟಿಮೀಟರ್ ದಪ್ಪವಾದಾಗ ಕತ್ತರಿಯಿಂದ ಸವರಬೇಕು. ಕತ್ತರಿಸಿದಲ್ಲಿ ಹೊಸ ಕವಲುಗಳು ಒಡೆದು ಮತ್ತಷ್ಟು ದಟ್ಟವಾಗುತ್ತದೆ. ಸವರುವಾಗ ಫಿಲ್ಟರ್ ನಿಲ್ಲಿಸಿ, ತೇಲುವ ತುಣುಕುಗಳನ್ನು ಬಲೆಯಿಂದ ಹಿಡಿಯಬೇಕು. ಉತ್ತಮ ತುಣುಕುಗಳನ್ನು ಇನ್ನೊಬ್ಬ ಹವ್ಯಾಸಿಗೆ ನೀಡಬಹುದು. ಉಳಿದದ್ದನ್ನು ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿ ಗೊಬ್ಬರಕ್ಕೆ ಸೇರಿಸಬೇಕು. ಕೆರೆಗೋ ಚರಂಡಿಗೋ ಎಸೆಯಕೂಡದು. ಇಂದು ರಾಜ್ಯದ ಕೆರೆಗಳನ್ನು ಮುಚ್ಚುತ್ತಿರುವ ನೀಲಿ ಹೂವಿನ ಜಲಕಳೆಯೂ ಒಂದು ಕಾಲದಲ್ಲಿ ಅಲಂಕಾರಕ್ಕೆಂದೇ ಭಾರತಕ್ಕೆ ಬಂದ ದಕ್ಷಿಣ ಅಮೆರಿಕದ ಸಸ್ಯ.

ವಾರಕ್ಕೊಮ್ಮೆ ತೆಗೆಯುವ 12-14 ಲೀಟರ್ ನೀರಿನಲ್ಲಿ ನೈಟ್ರೇಟ್ ಹಾಗೂ ಫಾಸ್ಫೇಟ್ ಇರುವುದರಿಂದ ಬಾಲ್ಕನಿಯ ಕುಂಡಗಳಿಗೆ ಅದು ಗೊಬ್ಬರದ ನೀರೇ ಸರಿ. ಔಷಧ ಅಥವಾ ಉಪ್ಪು ಬೆರೆಸಿದ ವಾರಗಳಲ್ಲಿ ಮಾತ್ರ ಗಿಡಗಳಿಗೆ ಹಾಕಬಾರದು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರಗೊಂಡಾಗ ವಾಹನ ತೊಳೆಯಲು ಹಾಗೂ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂ. ದಂಡ ನಿಗದಿಪಡಿಸಿತ್ತು. ಆ ದಿನಗಳನ್ನು ಕಂಡ ಬಡಾವಣೆಯಲ್ಲಿ ತೊಟ್ಟಿಯ ನೀರನ್ನು ಸಿಂಕಿಗೆ ಸುರಿಯುವುದು ಹವ್ಯಾಸಿಗಳಿಗೆ ಶೋಭಿಸದು.

ನೆನಪಿಡಬೇಕಾದ ಅಂಶಗಳು

- ಹಾವಸೆ ಕೊಳ್ಳುವ ಮುನ್ನ ಮನೆಯ ನೀರು ಕಾವೇರಿಯದೋ, ಕೊಳವೆಬಾವಿಯದೋ, ಟ್ಯಾಂಕರಿನದೋ, ಸಾಫ್ಟ್‌ನರ್ ಹಾಯ್ದು ಬಂದದ್ದೋ ಎಂಬುದನ್ನು ವಿಚಾರಿಸಿ.
- ಗಡಸು ನೀರೇ ಗತಿಯೆಂದಾದರೆ ಜಾವಾ ಮಾಸ್ ಆರಿಸಿಕೊಳ್ಳಿ. ಆರ್‌ಒ ನೀರಿನ ಮೇಲಿನ ಅವಲಂಬನೆ ತಗ್ಗುತ್ತದೆ.
- ತೆಳುವಾಗಿ ಹರಡಿ ಕಟ್ಟಿ.
- ಬೆಳಕು ದಿನಕ್ಕೆ ಎಂಟು ಗಂಟೆ ಮೀರದಿರಲಿ. ನೇರ ಬಿಸಿಲು ಬೇಡ.
- ಆವಿಯಾದ ನೀರನ್ನು ಮೆದು ನೀರಿನಿಂದಲೇ ತುಂಬಿ.
- ತಾಮ್ರಯುಕ್ತ ಔಷಧ ಹಾಗೂ ಪಾಚಿನಾಶಕಗಳನ್ನು ದೂರವಿಡಿ.
- ಮೊದಲ ಆರು ವಾರ ಬೆಳವಣಿಗೆ ಕಾಣಿಸದಿದ್ದರೂ ಗೊಬ್ಬರ ಸುರಿಯಬೇಡಿ. ಬಣ್ಣ ಹಸಿರಾಗಿದ್ದು ತುದಿಯಲ್ಲಿ ಎಳೆಯ ಚಿಗುರು ಕಂಡರೆ ಹಾವಸೆ ನೀರಿಗೆ ಒಗ್ಗಿದೆಯೆಂದೇ ತಿಳಿಯಬೇಕು.